ಹಗೇವಿನ ನಿಧಿ

ಹಗೇವಿನ ಬಾಯಿ ಮುಚ್ಚುವಾಗ ಯಾರೂ ಮಾತಾಡಬಾರದು ಎಂಬುದು ಆಯಿಯ ಕಟ್ಟಳೆ. ಅದಕ್ಕೇ ಮೊಮ್ಮಗಳು ಭಾಗಮ್ಮ ತುಟಿ ಬಿಗಿಹಿಡಿದು ಬುಟ್ಟಿಯಿಂದ ಬೂದಿ ಮೊಗೆದು ಕೊಡುತ್ತಿದ್ದಳು. ಆಯಿ ಮೊಣಕಾಲೂರಿ ಕೂತು ಅದನ್ನು ದುಂಡಗಲ್ಲಿನ ಸುತ್ತ ಸುರಿದು, ಮೇಲೆ ಹೊಟ್ಟು ಕಲಸಿದ ಕರಿಮಣ್ಣು ಮೆತ್ತಿ ಅಂಗೈಯಿಂದ ತಟ್ಟುತ್ತಿದ್ದಳು. ಕಲ್ಲಿನ ಕೆಳಗೆ, ಅಂಗಳದ ನೆಲದೊಳಗೆ, ಆಳುದ್ದದ ಗುಂಡಿಯಲ್ಲಿ ಆ ವರ್ಷದ ಬಿಳಿಜೋಳವೆಲ್ಲ ಇತ್ತು. ಗುಂಡಿಯ ಸುತ್ತ ಒಣದಂಟಿನ ಕಣಕಿ ಒತ್ತಿ, ಕಾಳು ತುಂಬಿ ಮೇಲೆ ಬಂದಿದ್ದ ಆಳುಮಗ ತಿಮ್ಮಣ್ಣ ತಲೆಗೆ ಸುತ್ತಿದ ಟವಲು ಬಿಚ್ಚಿ ಮೈ ಒರೆಸಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕೂತಿದ್ದ ಭಾಗಮ್ಮನ ತಮ್ಮ ಜಗದೇವ ಮತ್ತು ತಂಗಿ ಭೀಮಿ ಬಾಯಿಗೆ ಕೈ ಅಡ್ಡ ಹಿಡಿದು ನಗೆ ತಡೆದುಕೊಂಡಿದ್ದರು.

ಮಣ್ಣು ನುಣ್ಣಗಾದ ಮೇಲೆ ಆಯಿ ಅದರ ನಡುಮಧ್ಯೆ ತನ್ನ ಬಲಗೈ ಒತ್ತಿದಳು. ಐದು ಬೆರಳೂ ಮೂಡಿದವು.

"ಇನ್ನ ಮಾತಾಡ್ರಿ," ಎಂದಳು.

ಮೊದಲು ಮಾತಾಡಿದವನು ಅವಳ ಮಗ ಸೂಗಪ್ಪ. ಅಷ್ಟು ಹೊತ್ತು ತಡೆದದ್ದೇ ಹೆಚ್ಚು ಅನ್ನುವ ಹಾಗಿತ್ತು ಅವನ ಮುಖ.

"ಇದು ಕಡೀದು ಯವ್ವಾ. ಹಿತ್ತಲದ ಹಿಂದ ಕಾಲುವಿ ನೀರು ಬಂದು ನೆಲ ಎಲ್ಲಾ ತಂಪಾಗ್ಯಾದ. ಚೀಲ ತುಂಬಿ ಶಹಾಪುರ ಬಜಾರಕ್ಕ ಒಯ್ಯೂನು ಅಂದ್ರ ಕೇಳಲಿಲ್ಲ ನೀ."

"ನೆಲ ಮ್ಯಾಲ ತಂಪಾಗ್ಯಾದ. ಒಳಗ ಇಳದು ನೋಡೀದೇನು?"

"ಕೆಟ್ರ?"

ಆಯಿ ಕೈಗೆ ಹತ್ತಿದ ಮಣ್ಣನ್ನು ಬುಟ್ಟಿಯ ಅಂಚಿಗೆ ಒರೆಸಿದಳು. "ನಾ ಮೆತ್ತಿದ ಬಾಯಿ ಇಲ್ಲೀತನಕ ಬಿಟ್ಟಿಲ್ಲ. ಈ ವರ್ಷ ಕೆಟ್ರ ಈ ಮನ್ಯಾಗ ಯಜಮಾನಿಕಿ ಮಾಡಂಗಿಲ್ಲ ನೋಡು. ಬಳಿಚಕ್ರಕ್ಕ ಸಣ್ಣಮಗ ಮರಿಲಿಂಗನ ಹಂತ್ಯಾಕ ಹೋಗಿ ಇರ್ತೀನಿ. ಅಲ್ಲಿ ಕಾಲುವಿ ಬಂದಿಲ್ಲ, ನೆಲ ಒಣಾ ಅದ."

ತಿಮ್ಮಣ್ಣ ಸಾಕ್ಷಿಯಾಗಿ ನಿಂತಿದ್ದ. ಸೊಸೆ ಶಂಕ್ರಮ್ಮ ಒಳಗಿನಿಂದ ಬಂದು, ಮಾತು ಭಾಳಾತು, ರೊಟ್ಟಿ ಆರಾಕತ್ಯಾವ ಎಂದು ಎಲ್ಲರನ್ನೂ ಎಬ್ಬಿಸಿದಳು. ಅಂದು ಆ ಮಾತು ಅಲ್ಲಿಗೇ ನಿಂತಿತು. ಆಯಿ ಗೊಲ್ಲಾಳಮ್ಮ ಆಡಿದ ಮಾತನ್ನು ನುಂಗುವ ಹೆಂಗಸಲ್ಲ ಎಂಬುದು ಸಗರ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಬೇಸಿಗೆಯಲ್ಲಿ ಮನೆಗೆ ಆ ಪುಸ್ತಕ ಬಂದದ್ದು.

ಭಾಗಮ್ಮನನ್ನು ಏಳನೆಯ ಇಯತ್ತೆ ಮುಗಿದ ಮೇಲೆ ಶಾಲೆ ಬಿಡಿಸಿದ್ದರು. ಮುಂದಿನ ಶಾಲೆಗೆ ಶಹಾಪುರಕ್ಕೆ ಬಸ್ಸಿನಲ್ಲಿ ಹೋಗಬೇಕು, ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಎಂದು ಸೂಗಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ. ಅವಳು ಅಳಲಿಲ್ಲ, ಕೇಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ, ಅಂದಿನಿಂದ ಶಹಾಪುರಕ್ಕೆ ಹೋದಾಗಲೆಲ್ಲ ಮಗಳಿಗೆಂದು ಏನಾದರೂ ತರತೊಡಗಿದ. ಒಮ್ಮೆ ಬಳೆ, ಒಮ್ಮೆ ಬೆಂಡು. ಈ ಸಲ ಬಸ್‌ಸ್ಟ್ಯಾಂಡಿನ ಹತ್ತಿರ ಶೇಂಗಾ ಮಾರುವ ಬಾಷುಮಿಯಾನ ಗಾಡಿಯಲ್ಲಿ, ಪೊಟ್ಟಣ ಕಟ್ಟಲು ಇಟ್ಟ ರದ್ದಿಯ ನಡುವೆ ಒಂದು ಕಥೆಪುಸ್ತಕ ಕಂಡಿತ್ತು. ರಟ್ಟು ಇರಲಿಲ್ಲ. ಬಿಸಿಶೇಂಗಾದ ಪೊಟ್ಟಣದ ಜೊತೆ ಅದನ್ನೂ ಕೇಳಿ ತಂದು ಮಗಳ ಕೈಗಿಟ್ಟ.

"ಹುಡುಗರ ಪುಸ್ತಕ ಕಾಣತದ. ಓದಾಕಿಗೆ ಯಾವುದಾದ್ರೇನು," ಎಂದ.

ಮೂವರು ಅಣ್ಣ ತಂಗಿ ತಮ್ಮಂದಿರ ಕಥೆ ಅದು. ರಜೆಗೆ ಮಾವನ ಊರಿಗೆ ಹೋದವರು, ಹಾಳುಬಿದ್ದ ಕೋಟೆಯಲ್ಲಿ ಒಂದೊಂದೇ ಗುರುತು ಹಿಡಿದು ಪಾಳೆಯಗಾರನ ನಿಧಿ ಹುಡುಕುತ್ತಾರೆ. ಬಾಗಿದ ಹುಣಸೆಮರದಿಂದ ಒಡೆದ ಬುರುಜಿಗೆ, ಬುರುಜಿನಿಂದ ಮೆಟ್ಟಿಲುಬಾವಿಗೆ. ಅವರ ಹಿಂದೆಯೇ ಕುಂಟುಗಾಲಿನ ಒಬ್ಬ ಕಳ್ಳ. ಸಂಜೆಯ ಕೆಲಸ ಮುಗಿದ ಮೇಲೆ ಭಾಗಮ್ಮ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಳು. ನಾಲ್ಕು ಜನರ ಮುಂದೆ ತಲೆ ಎತ್ತದ ಹುಡುಗಿ ಓದುವಾಗ ಮಾತ್ರ ಕುಂಟನ ದನಿಯನ್ನೂ ತೆಗೆಯುವಳು. ಆರನೆಯ ಇಯತ್ತೆ ಓದುವ ಜಗದೇವ ಬಲಕ್ಕೆ, ಭೀಮಿ ಎಡಕ್ಕೆ. ಆಯಿ ಮೊರದಲ್ಲಿ ಕಾಳು ಹಸನು ಮಾಡುತ್ತ ಕೇಳುವಳು, ಮಕ್ಕಳಿಗೆ ಅಪಾಯ ಬಂದ ಕಡೆಯಲ್ಲಿ ಅವಳ ಮೊರ ನಿಲ್ಲುವುದು. "ಆ ಕುಂಟಗ ಒಬ್ಬರೂ ಹೆತ್ತೋರಿಲ್ಲೇನು, ಮಕ್ಕಳ ಬೆನ್ನ ಹತ್ಯಾನಲ್ಲ," ಎಂದು ಬೈಯುವಳು. ಸೂಗಪ್ಪನೂ ಎತ್ತಿಗೆ ಮೇವು ಹಾಕಿ ಬಂದವನು ಕೇಳಿಯೂ ಕೇಳದವನ ಹಾಗೆ ಕಂಬಕ್ಕೆ ಒರಗಿರುತ್ತಿದ್ದ.

ಪುಸ್ತಕದ ಕಡೆಯ ಹಾಳೆಗಳು ಇಲ್ಲ ಎಂಬುದು ಭಾಗಮ್ಮನಿಗೆ ಮೊದಲ ದಿನವೇ ಗೊತ್ತಾಗಿತ್ತು. ಎಲ್ಲ ಪೊಟ್ಟಣವಾಗಿ ಶಹಾಪುರದ ಮಂದಿಯ ಕೈಗೆ ಹೋಗಿದ್ದವು. ಹೇಳಿದರೆ ತಮ್ಮ ತಂಗಿ ಕೇಳುವುದನ್ನೇ ಬಿಟ್ಟಾರು, ಅಪ್ಪನ ಮುಖ ಸಣ್ಣದಾದೀತು ಎಂದು ಅವಳು ಹೇಳಲಿಲ್ಲ.

ಓದು ಆ ಹಾಳೆಗೆ ಬಂದು ಮುಟ್ಟಿದ ಸಂಜೆ ಆಯಿ ಮನೆಯಲ್ಲಿರಲಿಲ್ಲ. ಓಣಿಯ ಸರ್ವರಬೇಗಂ ಮಗಳು ಆಮೀನಾಗೆ ಹೆರಿಗೆ ನೋವು ಬಂದಿದೆಯೆಂದು ಹೋಗಿದ್ದಳು. ಸೂಗಪ್ಪ ಹೊಲದಲ್ಲಿದ್ದ. ಭಾಗಮ್ಮ ಓದಿದಳು. 'ಅಣ್ಣ ಬಾವಿಯ ಗೋಡೆಯ ಕಲ್ಲನ್ನು ಸರಿಸಿ, ದೀಪ ಹಿಡಿದು ಒಳಗೆ ಬಗ್ಗಿ ನೋಡಿದ. ಅಲ್ಲಿ' ಎಂಬಲ್ಲಿಗೆ ಅಚ್ಚು ಮುಗಿದಿತ್ತು.

ಜಗದೇವ ಉಸಿರು ಬಿಗಿಹಿಡಿದು ಅವಳ ಬಾಯಿ ನೋಡುತ್ತಿದ್ದ.

ಅವಳು ಪುಸ್ತಕವನ್ನು ಸ್ವಲ್ಪ ತನ್ನ ಕಡೆಗೆ ಎತ್ತಿಕೊಂಡು ಓದುತ್ತಲೇ ಹೋದಳು. ಅಲ್ಲಿ ನಿಧಿ ಇರಲಿಲ್ಲ, ಒಂದು ತಾಮ್ರದ ತಗಡಿತ್ತು. ನಿಧಿ ಕೋಟೆಯಲ್ಲಿಲ್ಲ, ನಿಮ್ಮ ಮನೆಯ ಅಂಗಳದಲ್ಲೇ ಇದೆ ಎಂದು ಅದರ ಮೇಲೆ ಕೊರೆದಿತ್ತು. ಅಂಗಳದಲ್ಲೆಲ್ಲಿ ಎಂದು ಹುಡುಕುತ್ತ ಅವಳ ಕಣ್ಣು ಎದುರಿಗಿದ್ದ ಹಗೇವಿನ ಮೇಲೆ ಬಿತ್ತು. ದುಂಡಗಲ್ಲಿನ ಕೆಳಗೆ, ಬೂದಿಯ ಕೆಳಗೆ ಎಂದು ಓದಿದಳು. ತೆಗೆಯುವವರು ತಮ್ಮದೊಂದು ವಸ್ತುವನ್ನು ಒಳಗೆ ಹಾಕಬೇಕು, ಇಲ್ಲದಿದ್ದರೆ ಹೊನ್ನೆಲ್ಲ ಇದ್ದಿಲಾಗುತ್ತದೆ ಎಂದೂ ಸೇರಿಸಿದಳು. ಕಥೆಯ ಮಕ್ಕಳು ಮೂವರೂ ಒಂದೊಂದು ವಸ್ತು ಹಾಕಿದರು, ನಿಧಿ ಸಿಕ್ಕಿತು, ಕುಂಟ ಸಿಕ್ಕಿಬಿದ್ದ. ತನ್ನ ಬಾಯಿಂದ ಅಷ್ಟು ಮಾತು ಹೇಗೆ ಬಂತೆಂದು ಅವಳಿಗೇ ಸೋಜಿಗವಾಯಿತು. ಒಳಗೊಳಗೇ ಹಿಗ್ಗಿದಳು ಕೂಡ.

"ಅಕ್ಕಾ, ನಮ್ಮ ಅಂಗಳದಾಗೂ ದುಂಡಗಲ್ಲ ಅದ," ಎಂದ ಜಗದೇವ.

"ಅದರಾಗ ಜೋಳ ಅದ."

"ಜೋಳಕ್ಕ ಯಾರರ ಬಾಯಿ ಮುಚ್ಕೊಂಡು ಕುಂದರ್ತಾರೇನು? ಆಯಿ ಯಾಕ ಮಾತಾಡಬ್ಯಾಡ ಅಂತಾಳ?"

ಭಾಗಮ್ಮನಿಗೆ ನಗೆ ಬಂತು. "ಇದ್ರೂ ಇರಬಹುದು ನೋಡಪ್ಪ," ಎಂದು ಒಲೆ ಹಚ್ಚಲು ಎದ್ದಳು.

ಆಡಿದ್ದು ಅಷ್ಟೇ.

ಆಮೇಲೆ ಒಂದು ದಿನ ದೊಡ್ಡವರೆಲ್ಲ ದೇವಾಪುರದ ಬೀಗರ ಮದುವೆಗೆ ಹೋಗಿದ್ದರು. ಭಾಗಮ್ಮ ಬಟ್ಟೆಯ ಗಂಟು ಹೊತ್ತು ಕಾಲುವೆಗೆ ಹೋಗಿದ್ದಳು. ನೀರು ನಿಲ್ಲಿಸುವ ಮುಂಚೆ ಒಗೆದು ಮುಗಿಸಬೇಕೆಂದು ಊರ ಹೆಂಗಸರೆಲ್ಲ ಅಲ್ಲಿದ್ದರು, ಹಿಂತಿರುಗುವಾಗ ಹೊತ್ತಾಗಿತ್ತು. ತಮ್ಮ ತಂಗಿ ಕಟ್ಟೆಯ ಮೇಲೆ ಬಹಳ ಸಭ್ಯರಾಗಿ ಕೂತಿದ್ದರು. ಕೈಕಾಲು ತೊಳೆದುಕೊಂಡಿದ್ದರು. ಅವಳು ಹೇಳದೆಯೇ ಜಗದೇವ ಕರುವಿಗೆ ನೀರು ಕುಡಿಸಿದ್ದ.

ಮರುದಿನ ಅಂಗಳ ಗುಡಿಸುವಾಗ ಹಗೇವಿನ ಮೇಲಿನ ಕೈಗುರುತು ಅವಳ ಕಣ್ಣಿಗೆ ಬಿತ್ತು. ಅದು ಚಿಕ್ಕದಾಗಿತ್ತು. ಕಸಬರಿಗೆ ಹಿಡಿದು ನೋಡುತ್ತ ನಿಂತಳು. ಬಿಸಿಲಿಗೆ ಮಣ್ಣು ಕುಗ್ಗಿದೆ ಎಂದುಕೊಂಡು ಸುತ್ತ ಗುಡಿಸಿ ಮುಂದೆ ಹೋದಳು. ಮುಂದೆ ಎಷ್ಟೋ ದಿನ ಊಟಕ್ಕೆ ಕೂತಾಗ, ಆ ಕಸಬರಿಗೆ ಹಿಡಿದು ನಿಂತ ಗಳಿಗೆಯೇ ಅವಳಿಗೆ ನೆನಪಾಗುತ್ತಿತ್ತು. ನೋಡಿದ್ದಳು. ನೋಡಿಯೂ ಬಿಟ್ಟಿದ್ದಳು.

ಮಳೆಗಾಲಕ್ಕೆ ಕಾಲುವೆಗೆ ಮತ್ತೆ ನೀರು ಬಿಟ್ಟರು. ಸೂಗಪ್ಪ ಹಿತ್ತಲಿಗೆ ಹೊಂದಿಕೊಂಡ ಜೋಳದ ಹೊಲವನ್ನು ಮಡಿ ಮಾಡಿ ನೆಲ್ಲು ನಾಟಿ ಹಚ್ಚಿಸಿದ್ದ. ಒಂದು ದಿನ ಮಡಿಗೆ ನೀರು ತಿರುಗಿಸಿ, ಗೊಬ್ಬರ ತರುತ್ತೇನೆಂದು ಶಹಾಪುರಕ್ಕೆ ಹೋದವನು ಪರಿಚಯದವರು ಸಿಕ್ಕರೆಂದು ಹೋಟೆಲಿನಲ್ಲಿ ಕೂತುಬಿಟ್ಟ. ಇತ್ತ ಬದು ಒಡೆದು ನೀರು ಹಿತ್ತಲು ದಾಟಿ ಅಂಗಳಕ್ಕೆ ಬಂತು. ಶಂಕ್ರಮ್ಮ, ಭಾಗಮ್ಮ ಕೊಡ ಹಿಡಿದು ತೋಡಿ ತೋಡಿ ಬೀದಿಗೆ ಚೆಲ್ಲಿದರು. ಹಗೇವಿನ ಮೇಲೆ ಪಾದ ಮುಳುಗುವಷ್ಟು ನೀರು ಸಂಜೆಯತನಕ ನಿಂತಿತ್ತು.

"ಹೆದರಬ್ಯಾಡ್ರಿ," ಎಂದಳು ಆಯಿ, ಕಟ್ಟೆಯ ಮೇಲಿಂದ. "ಮಳಿಗಾಲದಾಗ ಇದಕ್ಕಿಂತ ಹೆಚ್ಚಿಗಿ ನಿಂತದ್ದು ಕಂಡೀನಿ. ಬಾಯಿ ಬಿಗಿ ಅದ."

ಜಗದೇವ ಬಾಗಿಲ ಚೌಕಟ್ಟು ಹಿಡಿದು ಆ ನೀರನ್ನೇ ನೋಡುತ್ತ ನಿಂತಿದ್ದ. ಊಟಕ್ಕೆ ಕರೆದರೆ ಹಸಿವಿಲ್ಲ ಎಂದ.

ನಾಗರಪಂಚಮಿ ಹತ್ತಿರ ಬಂತು. ಅರಳು ಹುರಿಯಲು ಹೊಸ ಜೋಳ ಬೇಕು, ಮನೆಯ ಕಣಜವೂ ತಳ ಕಂಡಿತ್ತು. ತಿಮ್ಮಣ್ಣನನ್ನು ಕರೆಸಿ ಹಗೇವು ತೆಗೆಸಿದರು. ಅವನು ಹಾರೆಯಿಂದ ಮಣ್ಣು ಕಿತ್ತು ಕಲ್ಲು ಸರಿಸಿದ ಕೂಡಲೇ ಮೂಗಿಗೆ ಟವಲು ಒತ್ತಿ ಹಿಂದೆ ಸರಿದ. ಹುಳಿ ಬಂದ ವಾಸನೆ ಅಂಗಳ ತುಂಬಿತು. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ತೆರೆದಿಟ್ಟರು. ಆಮೇಲೆ ತಿಮ್ಮಣ್ಣ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ, ಅದು ಆರಿಹೋಯಿತು. ಇನ್ನೂ ಉಸಿರು ಕೆಟ್ಟದಾಗಿದೆ, ಈಗ ಇಳಿದರೆ ಹೆಣವೇ ಮೇಲೆ ಬರುತ್ತದೆ ಎಂದು ಅವನು ಬೀಡಿ ಹಚ್ಚಿ ಕೂತ. ಎರಡನೆಯ ಸಲ ದೀಪ ಉಳಿಯಿತು. ಇಳಿದು ಮೊದಲ ಬುಟ್ಟಿ ಮೇಲೆ ಕಳಿಸಿದ.

ಕಾಳು ಕರ್ರಗೆ, ಹೆಂಟೆ ಹೆಂಟೆಯಾಗಿ ಅಂಟಿಕೊಂಡಿತ್ತು.

ಆಗ ಜಗದೇವ ಭಾಗಮ್ಮನ ಸೆರಗು ಜಗ್ಗಿ, ಅವಳಿಗಷ್ಟೇ ಕೇಳುವ ಹಾಗೆ, "ಅಕ್ಕಾ, ಇದ್ದಿಲಾಗ್ಯಾದ," ಎಂದ.

ಅವಳು ತಿರುಗಿ ನೋಡಿದಳು. ಹುಡುಗನ ತುಟಿ ಒಣಗಿತ್ತು.

"ಭೀಮಿ ಗೆಜ್ಜಿ ಹಾಕಿದ್ಲು. ನನ್ನ ಹಂತ್ಯಾಕ ಏನೂ ಇರ್ಲಿಲ್ಲ. ನಾ ಏನೂ ಹಾಕ್ಲಿಲ್ಲ, ಅದಕ್ಕ."

ಅವಳು ಅವನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಕೇಳಿದಾಗ ಎಲ್ಲ ಹೊರಬಂತು. ಕುಡುಗೋಲಿನಿಂದ ಮಣ್ಣು ಕೆದಕಿದ್ದು, ಇಬ್ಬರೂ ಸೇರಿ ಕಲ್ಲನ್ನು ಒಂದು ಗೇಣು ಸರಿಸಿದ್ದು, ಜಗದೇವ ಬಗ್ಗಿ ಕೈ ಹಾಕಿದರೆ ಬಿಸಿ ಗಾಳಿ ಬಡಿದು ತಲೆ ತಿರುಗಿದ್ದು, ಹೆದರಿ ಮತ್ತೆ ಮುಚ್ಚಿದ್ದು, ಕೊಡದ ನೀರು ಸುರಿದು ಮಣ್ಣು ಮೆತ್ತಿದ್ದು, ಮೇಲೆ ತನ್ನ ಕೈ ಒತ್ತಿದ್ದು. ಒಳಗೆ ಇಳಿಯೋಣವೆಂದು ಅವನು ಹಗ್ಗವನ್ನೂ ತಂದಿದ್ದನಂತೆ. ಭೀಮಿ ಅತ್ತದ್ದಕ್ಕೆ ಬಿಟ್ಟನಂತೆ. ಆರಿಹೋದ ದೀಪ ಭಾಗಮ್ಮನ ಕಣ್ಣ ಮುಂದೆ ಬಂತು. ಅವಳು ತಮ್ಮನ ಎರಡೂ ಕೈ ಹಿಡಿದುಕೊಂಡಳು, ಬೈಯಲಾಗಲಿಲ್ಲ. ಅವನಿಗೆ ಈಗಲೂ ಪುಸ್ತಕದ ಮೇಲೆ ಅನುಮಾನ ಬಂದಿರಲಿಲ್ಲ.

ಅಂಗಳದಲ್ಲಿ ಸೂಗಪ್ಪನ ದನಿ ಏರಿತ್ತು.

"ಹೇಳಿದ್ದೆನಿಲ್ಲ? ನೆಲ ತಂಪಾಗ್ಯಾದ ಅಂತ ಹೇಳಿದ್ದೆನಿಲ್ಲ? ಇಡೀ ವರ್ಷದ ರೊಟ್ಟಿ ಮಣ್ಣಾತು. ನಿನ್ನ ಹಟಕ್ಕ ನಾವೆಲ್ಲ ಉಪಾಸ ಬೀಳಬೇಕು."

"ಬದು ಒಡದು ನೀರು ಬಂದಿತ್ತಲ್ಲ, ಅವತ್ತು ನೀವೆಲ್ಲಿದ್ರಿ?" ಎಂದಳು ಶಂಕ್ರಮ್ಮ, ಗೋಡೆಯ ಕಡೆ ಮುಖ ಮಾಡಿ.

"ನಿನ್ನ ಕೇಳಿಲ್ಲ ನಾ."

ಅವನು ಇನ್ನೂ ಜೋರು ಮಾಡಿದ. ಬದುವಿನ ಮಾತು ಬಂದಷ್ಟೂ ಅವನ ದನಿ ಹೆಚ್ಚಾಗುತ್ತಿತ್ತು. ಆಯಿ ಮಾತ್ರ ಕರಿ ಹೆಂಟೆಯೊಂದನ್ನು ಅಂಗೈಯಲ್ಲಿಟ್ಟು ಹಿಸುಕಿ ನೋಡುತ್ತಿದ್ದಳು. ಬಾಯಿಗೆ ಮೆತ್ತಿದ ಮಣ್ಣನ್ನು ತಿಮ್ಮಣ್ಣ ಆಗಲೇ ಕಿತ್ತು ಬೀದಿಗೆ ಎಸೆದಿದ್ದ. ಪರೀಕ್ಷೆ ಮಾಡಿ ನೋಡಲು ಏನೂ ಉಳಿದಿರಲಿಲ್ಲ.

"ನನ್ನ ಕೈ ಸಡಿಲಾಗ್ಯಾದ," ಎಂದಳು ಕಡೆಗೆ. "ವಯಸ್ಸಾತು." ಸೊಂಟದಿಂದ ಕೀಲಿಕೈ ಗೊಂಚಲು ಬಿಚ್ಚಿ ಸೊಸೆಯ ಮುಂದಿಟ್ಟಳು. "ಮರಿಲಿಂಗಗ ಹೇಳಿ ಕಳಸ್ರಿ. ಹಬ್ಬ ಆದ ಮ್ಯಾಲ ಬಂದು ಕರಕೊಂಡು ಹೋಗಲಿ."

ಭಾಗಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಒಂದು ಮಾತು ಹೇಳಿದರೆ ಗೊಂಚಲು ಮತ್ತೆ ಆಯಿಯ ಸೊಂಟಕ್ಕೆ ಹೋಗುತ್ತಿತ್ತು. ಅದೇ ಮಾತು ಜಗದೇವನ ಬೆನ್ನಿನ ಮೇಲೆ ಬಾರಕೋಲಾಗಿ ಬೀಳುತ್ತಿತ್ತು. ಎತ್ತುಗಳನ್ನು ಸಸಿಮಡಿಗೆ ಬಿಟ್ಟದ್ದಕ್ಕೆ ಹೋದ ವರ್ಷ ಬಿದ್ದ ಬರೆ ಇನ್ನೂ ಮಾಸಿರಲಿಲ್ಲ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಸೂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಯಾಗಿತ್ತು.

ಆ ಪಂಚಮಿಗೆ ಮನೆಯಲ್ಲಿ ಅರಳು ಹುರಿಯಲಿಲ್ಲ. ಸರ್ವರಬೇಗಂ ಸೆರಗಿನಲ್ಲಿ ಜೋಳ ಕಟ್ಟಿಕೊಂಡು ಬಂದು, "ನನ್ನ ಮಗಳ ಬಾಣಂತನ ಮಾಡಿದ ಕೈ ಅದು, ಹಬ್ಬದಾಗ ಸುಮ್ನ ಕುಂದರಬಾರದು," ಎಂದು ಆಯಿಯ ಮುಂದೆ ಸುರಿದು ಹೋದಳು. ಆಯಿ ಅದರಲ್ಲಿ ಒಂದು ಕಾಳೂ ಮುಟ್ಟಲಿಲ್ಲ. ಶಂಕ್ರಮ್ಮ ಬೀಸಿ ರೊಟ್ಟಿ ಮಾಡಿ ಮಕ್ಕಳಿಗೆ ಹಾಕಿದಳು.

ಆಮೇಲೆ ದಿನವೂ ಅನ್ನ. ಕಾಲುವೆ ನೀರಿನ ನೆಲ್ಲು ಕುಟ್ಟಿಸಿದ ಅಕ್ಕಿ ಮನೆಯಲ್ಲಿ ಸಾಕಷ್ಟಿತ್ತು. ಸೂಗಪ್ಪ ಹೇಳಿದ ಹಾಗೆ ಯಾರೂ ಉಪವಾಸ ಬೀಳಲಿಲ್ಲ, ಆದರೆ ಯಾರಿಗೂ ಉಂಡ ಹಾಗೆ ಆಗಲಿಲ್ಲ. ಉಂಡು ಹೊಲಕ್ಕೆ ಹೋದ ತಿಮ್ಮಣ್ಣ ಮಧ್ಯಾಹ್ನವಾಗುವ ಮುಂಚೆ ಬಂದು, ಅಕ್ಕಾರ, ಹೊಟ್ಟಿ ಖಾಲಿ ಆತ್ರಿ ಎಂದು ಅಂಗಳದಲ್ಲಿ ನಿಲ್ಲುವನು. ಆಯಿ ನಾಲ್ಕು ತುತ್ತು ಕಲಸಿ ತಾಟು ಸರಿಸುವಳು. ತಾಟು ಸರಿಸಿದ ಸದ್ದಿಗೆ ಸೂಗಪ್ಪ ತಲೆ ಎತ್ತುವನು, ಏನೋ ಹೇಳಬೇಕೆಂದವನು ಸಾರು ಹಾಕು ಎಂದು ಹೆಂಡತಿಗೆ ಹೇಳುವನು. ಭಾಗಮ್ಮ ಬಡಿಸುತ್ತ ಒಬ್ಬೊಬ್ಬರ ಮುಖ ನೋಡುವಳು. ಕಥೆ ಓದು ಎಂದು ಈಗ ಯಾರೂ ಕೇಳುತ್ತಿರಲಿಲ್ಲ. ಪುಸ್ತಕವನ್ನು ಅವಳು ಜಂತಿಯ ಸಂದಿಗೆ ಸಿಕ್ಕಿಸಿಟ್ಟಿದ್ದಳು.

ಹಗೇವಿನ ತಳದಲ್ಲಿ ಪೂರ್ತಿ ಕೆಡದ ಜೋಳ ಸ್ವಲ್ಪ ಉಳಿದಿತ್ತು. ಅದನ್ನು ಮಾಳಿಗೆಯ ಮೇಲೆ ಒಣಗಿಸಿ, ಹಸನು ಮಾಡಿ ಎತ್ತಿಗಾದರೂ ಇಡೋಣ ಎಂದು ಆಯಿ ಕೂತಳು. ಭಾಗಮ್ಮ ಎದುರಿಗೆ ಕೂತಳು. ಕರಿಕಾಳು ಒಂದು ಕಡೆ, ಕೆಂಪಾದದ್ದು ಒಂದು ಕಡೆ. ನಡುವೆ ಆಯಿಯ ಬೆರಳು ನಿಂತವು. ಹೆಂಟೆಯೊಂದನ್ನು ಒಡೆದು ಅದರೊಳಗಿಂದ ಏನನ್ನೋ ತೆಗೆದು, ಸೀರೆಗೆ ಒರೆಸಿ, ಎಲೆ ಅಡಿಕೆಯ ಚಂಚಿಯೊಳಗೆ ಹಾಕಿಕೊಂಡಳು. ಹಾಕುವಾಗ ಅದು ಸಣ್ಣಗೆ ಸದ್ದು ಮಾಡಿತು.

ಭೀಮಿಯ ಕಾಲಿನ ಸರದಲ್ಲಿ ಒಂದು ಗೆಜ್ಜೆ ಕಳೆದಿದೆಯೆಂದು ಬೇಸಿಗೆಯಲ್ಲೇ ಶಂಕ್ರಮ್ಮ ಬೈದದ್ದು ಇಡೀ ಮನೆಗೆ ಗೊತ್ತಿತ್ತು.

ಆಯಿ ತಲೆ ಎತ್ತಿ ಭಾಗಮ್ಮನನ್ನು ನೋಡಲಿಲ್ಲ. ಮೊರ ಎತ್ತಿ ಕೇರತೊಡಗಿದಳು. ಅಂದು ಸಂಜೆ ಭೀಮಿ ಆಯಿಯ ತೊಡೆಯ ಮೇಲೆ ಕೂತು ಬಹಳ ಹೊತ್ತು ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಆಯಿ ಹ್ಞೂಂಗುಟ್ಟುತ್ತಿದ್ದಳು. ನಡುವೆ ಒಮ್ಮೆ ಇಬ್ಬರೂ ಕತ್ತೆತ್ತಿ ಜಂತಿಯ ಕಡೆ ನೋಡಿದರು.

ಇನ್ನು ಆಯಿ ಹೇಳುತ್ತಾಳೆ ಎಂದು ಭಾಗಮ್ಮ ಕಾದಳು. ಹೆದರಿಕೆಯ ಜೊತೆಗೆ ಒಳಗೆಲ್ಲೋ ಆಸೆಯೂ ಇತ್ತು. ಆಯಿ ಹೇಳಿಬಿಟ್ಟರೆ ತಾನು ಹೇಳಬೇಕಾಗುವುದಿಲ್ಲ. ಆ ದಿನ ಹೋಯಿತು, ಆ ವಾರವೂ ಹೋಯಿತು. ಸೂಗಪ್ಪ ಬಂದವರ ಮುಂದೆಲ್ಲ ಮುದುಕಿಯ ಹಟದ ಕಥೆ ಹೇಳುತ್ತಿದ್ದ, ಆಯಿ ಕಟ್ಟೆಯ ಮೇಲೆ ಕೂತು ಅದನ್ನು ಕೇಳುತ್ತಿದ್ದಳು. ಚಂಚಿ ಅವಳ ಸೊಂಟದಲ್ಲೇ ಇತ್ತು.

ತಡೆಯಲಾರದೆ ಭಾಗಮ್ಮ ಅವ್ವನಿಗೆ ಹೇಳಿದಳು. ಇಬ್ಬರೂ ಕಾಲುವೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಪುಸ್ತಕದಲ್ಲಿ ಇಲ್ಲದ್ದನ್ನು ಓದಿದ್ದು, ಮಕ್ಕಳು ನಂಬಿದ್ದು, ಹಗೇವು ತೆಗೆದದ್ದು. ಶಂಕ್ರಮ್ಮ ಕೈಯಲ್ಲಿದ್ದ ಅಂಗಿಯನ್ನು ಹಿಂಡುತ್ತಲೇ ಕೇಳಿದಳು. ನೀರೆಲ್ಲ ಇಳಿದ ಮೇಲೂ ಹಿಂಡುತ್ತಲೇ ಇದ್ದಳು.

"ಈಗ ಹೇಳಿ ಏನ್ ಮಾಡ್ತಿ?"

"ಆಯಿ ಹೋಗಾಕತ್ಯಾಳವ್ವಾ."

"ಹೋಗಲಿ. ಮಗನ ಮನಿಗೇ ಹೋಗಾಕತ್ಯಾಳ, ಕಾಡಿಗಲ್ಲ. ನಿಮ್ಮಪ್ಪ ಸಿಟ್ಟಿಗೆದ್ರ ಕೈಯಾಗ ಏನದ ನೋಡಂಗಿಲ್ಲ. ನನ್ನ ಮಗ ಸಣ್ಣವ. ಸುಗ್ಗಿತನಕ ಸುಮ್ನಿರು, ಎಲ್ಲಾ ತಣ್ಣಗಾಗತದ, ಆಗ ಕರಕೊಂಡು ಬಂದ್ರಾತು." ಅಂಗಿಯನ್ನು ಬುಟ್ಟಿಗೆ ಹಾಕಿ, "ನಾನೂ ಆ ಮನ್ಯಾಗ ಒಂದಿಷ್ಟು ದಿನ ಕೀಲಿಕೈ ಹಿಡದು ನೋಡ್ತೀನಿ," ಎಂದಳು. ಹೇಳಿದ ಮೇಲೆ ಅವಳಿಗೇ ಏನೋ ಆಗಿ, ಸೋಪಿನ ಕೈಯಿಂದಲೇ ಮೂಗು ಒರೆಸಿಕೊಂಡು ಇನ್ನೊಂದು ಬಟ್ಟೆ ಎತ್ತಿಕೊಂಡಳು.

ಹೀಗೆ ಆ ಮಾತು ಮನೆಯಲ್ಲಿ ಸೂಗಪ್ಪನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಾಯಿತು, ಯಾರ ಬಾಯಿಂದಲೂ ಹೊರಬರಲಿಲ್ಲ. ಜಗದೇವ ಶಾಲೆಯಿಂದ ಬಂದರೆ ಆಯಿಯ ಕಾಲೊತ್ತುವನು. ಕರೆಯದಿದ್ದರೂ ನೀರು ತಂದುಕೊಡುವನು. ಒಂದು ದಿನ ತನ್ನ ಗೋಲಿಗುಂಡುಗಳನ್ನೆಲ್ಲ ತೆರೆದ ಹಗೇವಿನೊಳಗೆ ಹಾಕಿಬಂದ. ಈಗ ಹಾಕಿದರೂ ನಡೆಯುತ್ತದೇನಕ್ಕ ಎಂದು ಭಾಗಮ್ಮನನ್ನು ಕೇಳಿದ. ಅವಳು ಒಲೆಯ ಹೊಗೆಗೆ ಕಣ್ಣು ಉಜ್ಜಿಕೊಂಡಳು.

ಮರಿಲಿಂಗಪ್ಪ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಬಳಿಚಕ್ರದ ಮಳೆಯ ಹೊಲದಲ್ಲಿ ತೊಗರಿ ಜೋಳ ಬೆಳೆಯುವ, ಅಣ್ಣನಿಗಿಂತ ಮೆತ್ತಗಿನ ಮನುಷ್ಯ. ಬರುವಾಗ ಒಂದು ಚೀಲ ಜೋಳ ಹೊತ್ತು ತಂದಿದ್ದ. ಅದನ್ನು ಇಳಿಸಿದ್ದು ನೋಡಿ ಸೂಗಪ್ಪನ ಮುಖ ಕೆಂಪಾಯಿತು.

"ನಮ್ಮ ಮನ್ಯಾಗ ಉಣ್ಣಾಕ ಇಲ್ಲಂತ ತಂದೀ ಏನು?"

"ಹಂಗ್ಯಾಕ ಅಂತೀ ಅಣ್ಣಾ. ಅವ್ವಗ ಅನ್ನ ಒಗ್ಗಂಗಿಲ್ಲ. ಹೋಗೂತನಕ ಎರಡು ರೊಟ್ಟಿ ಉಣ್ಣಲಿ ಅಂತ."

"ಇವತ್ತೇ ಹೋಗಾಕತ್ಯಾಳಲ್ಲ."

"ಹೌದು," ಎಂದ ಮರಿಲಿಂಗಪ್ಪ, ಚೀಲದ ಬಾಯಿ ಬಿಗಿಯುತ್ತ.

ಭಾಗಮ್ಮ ಅದೇ ಜೋಳ ಬೀಸಿ ರೊಟ್ಟಿ ಬಡಿದಳು. ಬದನೆಕಾಯಿ ಪಲ್ಯ, ನೆಂಚಿಕೊಳ್ಳಲು ಶೇಂಗಾದ ಹಿಂಡಿ. ಎಷ್ಟೋ ದಿನಗಳ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದಾಯಿತು. ಆಯಿ ಎರಡು ರೊಟ್ಟಿ ಉಂಡಳು. ಮಕ್ಕಳಿಗೆ ತನ್ನ ತಾಟಿನಿಂದ ಮುರಿದು ಕೊಟ್ಟಳು. ಸೂಗಪ್ಪ ಉಣ್ಣುತ್ತ ಎರಡು ಸಲ ಅವಳ ಕಡೆ ನೋಡಿದ. ಅಲ್ಲಿ ಬಾವಿ ದೂರ, ನೀನು ನೀರು ಹೊರಬೇಡ ಎಂದ. ಅವನ ಬಾಯಿಂದ ಬಂದ ಮೆತ್ತನೆಯ ಮಾತು ಅದೊಂದೇ. ಬದುವಿನ ಮಾತು ಅವನೂ ಎತ್ತಲಿಲ್ಲ.

ಉಂಡ ಮೇಲೆ ಎಲ್ಲರೂ ಕಟ್ಟೆಗೆ ಬಂದರು. ಆಯಿಯ ಗಂಟು ಬಾಗಿಲ ಹತ್ತಿರ ಇತ್ತು. ಎರಡು ಸೀರೆ, ಕಂಬಳಿ, ಪೂಜೆಯ ಬಟ್ಟಲು. ಯಾದಗಿರಿಯ ಕಡೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ತೆರೆದಿಟ್ಟ ಹಗೇವಿನ ಬಾಯಿಗೆ ಮಕ್ಕಳು ಬಿದ್ದಾರೆಂದು ಅಡ್ಡ ಹಾಕಿದ್ದ ಮುರುಕು ನೇಗಿಲು ಹಾಗೆಯೇ ಇತ್ತು. ಆಯಿ ಅದನ್ನೇ ನೋಡುತ್ತ ಚಂಚಿ ಬಿಚ್ಚಿ ಅಡಿಕೆ ತೆಗೆದಳು. ಗೆಜ್ಜೆ ಸದ್ದು ಮಾಡಿತು. ಭೀಮಿ ಕಾಲು ಮಡಚಿ ಲಂಗದೊಳಗೆ ಮುಚ್ಚಿಕೊಂಡಳು.

"ಭಾಗೀ," ಎಂದಳು ಆಯಿ. "ಆ ಪುಸ್ತಕ ತಾ."

ಭಾಗಮ್ಮ ಕದಲಲಿಲ್ಲ.

"ಆಮೀನಾ ಹಡೆದ ದಿನ ನಾ ಮನ್ಯಾಗಿರ್ಲಿಲ್ಲ. ಕಡೀಕ ಏನಾತು ಅಂತ ನಾ ಒಂಚೂರೂ ಕೇಳಿಲ್ಲ. ಹೋಗೂದ್ರಾಗ ಕೇಳಿ ಹೋಗ್ತೀನಿ. ನಿಮ್ಮಪ್ಪನೂ ಕೇಳಿಲ್ಲ."

"ಈಗ್ಯಾಕ ಬಿಡ್ರಿ ಅತ್ತಿ," ಎಂದಳು ಶಂಕ್ರಮ್ಮ ಬೇಗನೆ. "ಬಸ್ಸಿಗೆ ಹೊತ್ತಾಗತದ."

"ಬಸ್ಸಿಗೆ ಇನ್ನೂ ಹೊತ್ತದ," ಎಂದ ಸೂಗಪ್ಪ. ಮಗಳ ಕಡೆ ತಿರುಗಿದ. "ತಾ ಹೋಗು. ಆಯಿ ಕೇಳಾಕತ್ಯಾಳ, ಓದಾಕ ಏನಾಗೇದ ನಿನಗ?"

ಅವಳು ಒಳಗೆ ಹೋಗಿ ಜಂತಿಯಿಂದ ಪುಸ್ತಕ ತೆಗೆದಳು. ಅದರ ಮೇಲಿನ ಧೂಳು ಒರೆಸಿದಳು. ಹೊರಗೆ ಬಂದು ತಾನು ಯಾವಾಗಲೂ ಕೂರುವ ಜಾಗದಲ್ಲೇ ಕೂತಳು. ಜಗದೇವ ಬಲಕ್ಕೆ ಬಂದು ಅವಳ ತೋಳಿಗೆ ಅಂಟಿಕೊಂಡ. ಅವನ ಮೈ ಬಿಸಿಯಾಗಿತ್ತು. ಅಚ್ಚಾದದ್ದನ್ನಷ್ಟೇ ಓದಿ ನಿಲ್ಲಿಸಿದರೆ ಪುಸ್ತಕಕ್ಕೆ ಕೊನೆಯಿಲ್ಲ ಎಂಬುದು ಹೊರಬೀಳುತ್ತದೆ, ಹಾಗಾದರೆ ಅಂದು ಓದಿದ್ದೇನು ಎಂದು ಅಪ್ಪ ಕೇಳುತ್ತಾನೆ. ಅಂದು ಓದಿದ್ದನ್ನೇ ಮತ್ತೆ ಓದಿದರೆ ದುಂಡಗಲ್ಲು, ಬೂದಿ, ಅಂಗಳ ಎಲ್ಲ ಅಪ್ಪನ ಎದುರಿಗೇ ಇದ್ದವು.

ಆಯಿ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಭಾಗಮ್ಮನಿಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು.

ಅವಳು ಓದಿದಳು. ಮಕ್ಕಳು ಬಾವಿಯ ಮೆಟ್ಟಿಲು ಇಳಿದರು. ತಂಗಿ ಹೆದರಿದಳು, ತಮ್ಮ ಅವಳ ಕೈ ಹಿಡಿದ. ಮೇಲೆ ಕುಂಟನ ಹೆಜ್ಜೆಯ ಸದ್ದು ಕೇಳಿತು. ಸೂಗಪ್ಪ ಕಂಬ ಬಿಟ್ಟು ಮುಂದಕ್ಕೆ ಬಾಗಿದ್ದ, ಮರಿಲಿಂಗಪ್ಪ ಬೀಡಿ ಹಚ್ಚುವುದನ್ನು ಮರೆತಿದ್ದ. ಶಂಕ್ರಮ್ಮ ನೆಲ ನೋಡುತ್ತಿದ್ದಳು. 'ಅಣ್ಣ ಬಾವಿಯ ಗೋಡೆಯ ಕಲ್ಲನ್ನು ಸರಿಸಿ, ದೀಪ ಹಿಡಿದು ಒಳಗೆ ಬಗ್ಗಿ ನೋಡಿದ. ಅಲ್ಲಿ'

ಭಾಗಮ್ಮನ ಓದು ಅಲ್ಲಿಗೆ ನಿಂತಿತು.

ದೂರದಲ್ಲಿ, ಕಾಲುವೆಯ ಸೇತುವೆಯ ಹತ್ತಿರ, ಬಸ್ಸಿನ ಹಾರ್ನು ಕೇಳಿತು. ಯಾರೂ ಗಂಟು ಎತ್ತಿಕೊಳ್ಳಲು ಏಳಲಿಲ್ಲ.

"ಮುಂದಿಂದು ಓದವ್ವ," ಎಂದಳು ಆಯಿ.